ನಮ್ಮ ಮೇಜಿಗೆ ಜಾಗ ಮಾಡಿಕೊಟ್ಟವರಿಗೆ

ಕಳೆದ ಭಾನುವಾರ ನಮ್ಮ ಕ್ಯಾಂಪೇನ್, ಅಂದರೆ ವಾರವಾರ ಕೂತು ಆಡಿದ ಒಂದು ಉದ್ದನೆಯ ಕಥೆ, ಮುಗಿಯಿತು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಡಿದವರು ಐದು ಜನ ಹೆಂಗಸರು. ಕಥೆ ನಡೆಸಿದ್ದು, ಅಂದರೆ ಡಂಜನ್ ಮಾಸ್ಟರ್ ಕುರ್ಚಿಯಲ್ಲಿ ಕೂತಿದ್ದು, ನಾನು. ಶುರುವಿನಿಂದ ಕೊನೆಯವರೆಗೆ ಎಲ್ಲವೂ ಕನ್ನಡದಲ್ಲೇ ನಡೆಯಿತು. ಎರಡು ವರ್ಷಕ್ಕಿಂತ ಜಾಸ್ತಿ ಎಳೆದ ಕಥೆ. ಮುಗಿದಾಗ ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನೋಡಿ, ಕೆಫೆಯಲ್ಲಿ ಪಕ್ಕದ ಮೇಜಿನವರು ಯಾರದೋ ಹುಟ್ಟುಹಬ್ಬ ಅಂದುಕೊಂಡು ತಾವೂ ತಟ್ಟಿದರು. ಅವರಿಗೂ ಥ್ಯಾಂಕ್ಸ್.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವವರು ಇದನ್ನು ಹೊರತಂದರು. ಒಬ್ಬರು ಸನ್ನಿವೇಶ ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ತಾನು ಏನು ಮಾಡುತ್ತೇನೆ ಅಂತ ಹೇಳುತ್ತಾ ಹೋಗುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕಡೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಗೆದ್ದವರು, ಸೋತವರು ಅಂತ ಯಾರೂ ಇರುವುದಿಲ್ಲ. ಕಥೆ ಮುಂದೆ ಹೋಗುತ್ತದೆ, ಅಷ್ಟೇ.

ಇಷ್ಟಕ್ಕೆ ಯಾಕೆ ಇಷ್ಟು ದೊಡ್ಡ ಕೃತಜ್ಞತೆ ಅಂತ ಕೇಳಬಹುದು. ನಾವು ಐದಾರು ಜನ ಹೆಂಗಸರು ವಾರವಾರ ಒಂದು ಮೇಜಿನ ಸುತ್ತ ಕೂರಬೇಕಾದರೆ ಎಷ್ಟು ಜನ ಎಷ್ಟೆಲ್ಲ ಹೊಂದಿಸಿಕೊಡಬೇಕಾಯಿತು ಅನ್ನುವುದು ನನಗೆ ಗೊತ್ತು. ಹೆಂಗಸರಿಗೆ ಆಟದಲ್ಲಿ ಆಸಕ್ತಿ ಕಮ್ಮಿ ಅಂತ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಕಂಡ ಹಾಗೆ ಆಸಕ್ತಿಗೆ ಯಾವತ್ತೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹೊತ್ತಿಗೆ, ಜಾಗಕ್ಕೆ, ನೆಮ್ಮದಿಯಾಗಿ ಕೂರುವ ಅವಕಾಶಕ್ಕೆ.

ನಮ್ಮ ಊರು ಬೆಳ್ತಂಗಡಿ ಕಡೆ. ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಜಡಿಮಳೆ. ಹೊರಗೆ ಕೆಲಸ ಕಮ್ಮಿ. ಆಗ ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುತ್ತಿತ್ತು. ಏಳೇಳರಂತೆ ಎರಡು ಸಾಲು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು ಐವತ್ತಾರು ಕೆಂಪು ಮಂಜೊಟ್ಟಿ ಬೀಜ. ಅಜ್ಜಿ ಒಂದು ಗುಳಿಯ ಕಾಯಿ ಬಾಚಿಕೊಂಡು ಹಂಚಲು ಶುರು ಮಾಡಿದರೆ, ಕೈ ಎಲ್ಲಿ ನಿಲ್ಲುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಆ ಲೆಕ್ಕಾಚಾರ ಕಲಿಸಿದ ಅಜ್ಜಿಗೆ, ಅಮ್ಮನಿಗೆ ನನ್ನ ಮೊದಲ ನಮಸ್ಕಾರ. ಆಟ ಅಂದರೆ ಹೆಂಗಸರದ್ದು ಅಂತಲೇ ನಾನು ಬೆಳೆದದ್ದು. ಬೆಂಗಳೂರಿಗೆ ಬಂದು ಬೋರ್ಡ್ ಗೇಮ್ ಆಡುವ ಜಾಗಗಳಿಗೆ ಹೋಗಲು ಶುರು ಮಾಡಿದ ಮೇಲೆಯೇ ನಾನು ಅಲ್ಲಿ ಅಪರೂಪದವಳು ಅನ್ನುವುದು ತಿಳಿದದ್ದು.

ಮೊದಲು ಹೋಗುತ್ತಿದ್ದ ಗುಂಪು ಬೇರೆ. ಹೆಸರು ಬೇಡ. ಅಲ್ಲಿ ನನ್ನ ಸರದಿ ಬಂದಾಗ ಪಕ್ಕದವರು ಕೈಚಾಚಿ ನನ್ನ ಕಾಯಿ ತಾವೇ ಇಡುತ್ತಿದ್ದರು. ಕೇಳದಿದ್ದರೂ ನಿಯಮ ಎರಡೆರಡು ಸಲ ಹೇಳುತ್ತಿದ್ದರು. ಅದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಒಂದು ರಾತ್ರಿ ಕಥೆ ನಡೆಸುತ್ತಿದ್ದವನು ನನ್ನ ಪಾತ್ರವನ್ನು ಹೆಂಡದಂಗಡಿಯ ಒಂದು ದೃಶ್ಯಕ್ಕೆ ಎಳೆದು ತಂದ. ಅಲ್ಲಿ ಅವಳಿಗೆ ಏನೇನು ಮಾಡಿಸಿದ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬೇಡ ಅಂದೆ. "ಕಥೆ ತಾನೇ" ಅಂದ. ಮೇಜಿನ ಸುತ್ತ ಇದ್ದವರು ನಕ್ಕರು. ನಾನು ಬ್ಯಾಗ್ ಎತ್ತಿಕೊಂಡು ಬಂದೆ. ಆಮೇಲೆ ತುಂಬ ದಿನ ದಾಳ ಮುಟ್ಟಲಿಲ್ಲ.

ಆ ಮೇಜಿನಲ್ಲಿ ನಗದೆ ಕೂತಿದ್ದ ಹುಡುಗ ಒಬ್ಬನಿದ್ದ. ಮರುದಿನ ಫೋನ್ ಮಾಡಿದ. "ಅಕ್ಕ, ನಿನ್ನೆ ನಾನು ಅಲ್ಲೇ ಮಾತಾಡಬೇಕಿತ್ತು. ಇವತ್ತು ಆಯೋಜಕರ ಹತ್ತಿರ ಹೇಳ್ತೀನಿ, ನಿಮ್ಮ ಹೆಸರು ಹೇಳಬಹುದಾ?" ಅಂತ ಕೇಳಿದ. ಹೇಳಿದ ಕೂಡ. ತನ್ನ ಗೆಳೆಯರ ಎದುರಿಗೇ ಹೇಳಿದ. ಅದರಿಂದ ಅವನಿಗೆ ಒಂದಿಷ್ಟು ಗೆಳೆತನ ಹೋಯಿತು ಅನ್ನುವುದು ಆಮೇಲೆ ತಿಳಿಯಿತು. ತಮ್ಮಾ, ನೀನು ಇದನ್ನು ಓದುತ್ತಿದ್ದರೆ: ನಾನು ಈ ಹವ್ಯಾಸಕ್ಕೆ ವಾಪಸ್ ಬಂದದ್ದು ನಿನ್ನ ಆ ಒಂದು ಫೋನಿನಿಂದ. ನನ್ನ ಹೆಸರು ಹೇಳುವ ಮೊದಲು ನನ್ನನ್ನು ಕೇಳಿದೆಯಲ್ಲ, ಅದನ್ನು ಮರೆಯುವುದಿಲ್ಲ. ಮನಸ್ಸಿನಲ್ಲೇ ಬೇಜಾರು ಮಾಡಿಕೊಳ್ಳುವ ಒಳ್ಳೆಯವರು ತುಂಬ ಇದ್ದಾರೆ. ಬಾಯಿಬಿಟ್ಟು ಹೇಳುವವರು ಕಮ್ಮಿ.

ಕೆಫೆ ನಡೆಸುವ ಅಣ್ಣ, ಅಕ್ಕ ಇಬ್ಬರಿಗೂ ಹೇಳಬೇಕಾದ್ದು ಬಹಳ ಇದೆ. ನಾವು ಕೇಳಿದ್ದು ಭಾನುವಾರ ಮಧ್ಯಾಹ್ನ ಮೂರರಿಂದ ಏಳು. ಅವರಿಗೆ ಅದು ವ್ಯಾಪಾರದ ಹೊತ್ತು. ಆದರೂ ಮೂಲೆಯ ಉದ್ದ ಮೇಜು ಕೊಟ್ಟರು. ಬೆಂಗಳೂರಿನಲ್ಲಿ ಗೇಮ್ ನೈಟ್ ಅಂದರೆ ರಾತ್ರಿ ಎಂಟಕ್ಕೆ ಶುರುವಾಗಿ ಹನ್ನೆರಡು ದಾಟುತ್ತದೆ. ಪಿಜಿಯಲ್ಲಿ ಇರುವ ಹುಡುಗಿಗೆ ಗೇಟ್ ಹತ್ತಕ್ಕೇ ಹಾಕುತ್ತಾರೆ. ಮಕ್ಕಳಿಗೆ ಮರುದಿನ ಸ್ಕೂಲು. ಕೊನೆಯ ಮೆಟ್ರೋ ತಪ್ಪಿದರೆ ಆಟೋದವರ ಜೊತೆ ಚೌಕಾಸಿ. ಹೆಂಗಸರಿಗೆ ಅರ್ಧ ದರ, ಗುಲಾಬಿ ಬಣ್ಣದ ಪೋಸ್ಟರ್ ಇವೆಲ್ಲ ಮಾಡಿ ಯಾರೂ ಬರಲಿಲ್ಲ ಅಂತ ಬೇಸರಪಟ್ಟ ಆಯೋಜಕರನ್ನು ಕಂಡಿದ್ದೇನೆ. ಹೊತ್ತು ಬದಲಾಯಿಸಿ ನೋಡಿ ಅಂತ ಅವರಿಗೆ ಪ್ರೀತಿಯಿಂದಲೇ ಹೇಳುತ್ತೇನೆ.

ನಮ್ಮ ಕೆಫೆ ಅಕ್ಕ ಇನ್ನೊಂದು ಕೆಲಸ ಮಾಡಿದರು. ಟಾಯ್ಲೆಟ್ಟಿನ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ, ಒಳಗೆ ಲೈಟ್ ಮಂಕು. ನಮ್ಮಲ್ಲಿ ಒಬ್ಬರು ಹೇಳಿದ ಮುಂದಿನ ವಾರವೇ ಹೊಸ ಚಿಲಕ, ಹೊಸ ಬಲ್ಬ್, ಮೂಲೆಯಲ್ಲಿ ಮುಚ್ಚಳ ಇರುವ ಕಸದ ಡಬ್ಬ. ಯಾವ ಪ್ರಚಾರವೂ ಇಲ್ಲದೆ ಮಾಡಿದರು. ನಾಲ್ಕು ಗಂಟೆ ಕೂತು ಆಡಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಇನ್ನು ಎಕ್ಸ್ ಕಾರ್ಡ್. ಇದನ್ನು ರೂಪಿಸಿದವರು ನ್ಯೂಯಾರ್ಕಿನ ಜಾನ್ ಸ್ಟಾವ್ರೊಪೌಲೋಸ್. ಮೇಜಿನ ನಡುವೆ ಗುಣಿಸು ಗುರುತು ಬರೆದ ಒಂದು ಕಾರ್ಡ್ ಇಟ್ಟಿರುತ್ತಾರೆ. ಕಥೆಯಲ್ಲಿ ಏನಾದರೂ ಸಹಿಸಲು ಆಗದ್ದು ಬಂದರೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಮುಟ್ಟಿದ ಕೂಡಲೇ ಆ ಭಾಗ ಬಿಟ್ಟು ಮುಂದೆ ಹೋಗಬೇಕು. ಕಾರಣ ಹೇಳಬೇಕಾಗಿಲ್ಲ, ಯಾರೂ ಕೇಳುವ ಹಾಗೂ ಇಲ್ಲ. ನಮ್ಮದು ಹಳೆಯ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಸ್ಕೆಚ್ ಪೆನ್ನಿಂದ ಬರೆದದ್ದು.

ಅದರ ಬೆಲೆ ತಿಳಿದದ್ದು ನಾನು ತುಂಬ ಇಷ್ಟಪಟ್ಟು ಬರೆದುಕೊಂಡು ಹೋಗಿದ್ದ ಒಂದು ದೃಶ್ಯದಲ್ಲಿ. ಸಿರಿಯ ಪಾಡ್ದನದಲ್ಲಿ, ಅಂದರೆ ಸಿರಿ ಅನ್ನುವವಳ ಕಥೆ ಹೇಳುವ ತುಳು ಹಾಡಿನಲ್ಲಿ, ಅವಳ ಮೊಮ್ಮಕ್ಕಳು ಅಬ್ಬಗ, ದಾರಗ ಚೆನ್ನೆ ಆಡಲು ಕೂರುತ್ತಾರೆ. ಆಟದಲ್ಲಿ ಸಿಟ್ಟು ಬಂದು ಅಕ್ಕ ಅದೇ ಮಣೆಯಿಂದ ತಂಗಿಗೆ ಹೊಡೆಯುತ್ತಾಳೆ. ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ನಮ್ಮ ಕಡೆ ಹೇಳುವುದು ಈ ಕಥೆಯಿಂದಲೇ. ಆ ನೆನಪಿನ ಮೇಲೆ ನಾನು ಒಂದು ಪಾಳುಬಿದ್ದ ಗುತ್ತಿನ ಮನೆ (ನಮ್ಮ ಕಡೆಯ ಹಳೆಯ ದೊಡ್ಡ ಮನೆತನದ ಮನೆ), ಅಂಗಳದಲ್ಲಿ ಒಂದು ಬಾವಿ, ಒಳಗಿನಿಂದ ಕೇಳುವ ಹುಡುಗಿಯ ದನಿ ಅಂತ ಕಟ್ಟಿದ್ದೆ. "ಬಾವಿಯ ಕಟ್ಟೆಯ ಹತ್ತಿರ ಬಂದಿದ್ದೀರಿ, ಬಗ್ಗಿ ನೋಡಿದರೆ" ಅನ್ನುವಷ್ಟರಲ್ಲಿ ನಮ್ಮ ನರ್ಸ್ ಗೆಳತಿಯ ಬೆರಳು ಕಾರ್ಡಿನ ಮೇಲೆ ಇತ್ತು.

"ಬಾವಿ ಇಲ್ಲ" ಅಂದೆ. "ಅಂಗಳದ ಮೂಲೆಯಲ್ಲಿ ಬೀಗ ಹಾಕಿದ ಪತ್ತಾಯ, ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ, ಇದೆ. ದನಿ ಅದರೊಳಗಿಂದ ಬರುತ್ತಿದೆ." ನಮ್ಮ ಗುಂಪಿನ ಟೀಚರ್ ತಕ್ಷಣ, "ನನ್ನ ಹತ್ತಿರ ಬೀಗ ತೆಗೆಯೋ ಸಾಮಾನಿದೆ, ನಾನು ಮುಂದೆ ಹೋಗ್ತೀನಿ" ಅಂದರು. ದಾಳ ಉರುಳಿತು. ಹದಿನೇಳು ಬಿತ್ತು. ಕಥೆ ಮುಂದೆ ಹೋಯಿತು. ನರ್ಸ್ ಗೆಳತಿ ಆ ಸಂಜೆ ಕೊನೆಯವರೆಗೂ ಆಡಿದಳು, ಮುಂದಿನ ವಾರವೂ ಬಂದಳು. ಬಾವಿ ಯಾಕೆ ಬೇಡ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಗೆಳತಿ, ನಮ್ಮನ್ನು ನಂಬಿ ಕಾರ್ಡ್ ಮುಟ್ಟಿದ್ದಕ್ಕೆ ನಿನಗೆ ದೊಡ್ಡ ಥ್ಯಾಂಕ್ಸ್. ಅವತ್ತು ಯಾಕೆ ಅಂತ ಒಂದು ಮಾತೂ ಕೇಳದೆ ದಾರಿ ಬದಲಾಯಿಸಿಕೊಂಡ ಉಳಿದ ನಾಲ್ವರಿಗೂ.

ಅವರಲ್ಲಿ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬ್ಯಾಂಕಿನಿಂದ ನಿವೃತ್ತರಾದವರು, ನಾವೆಲ್ಲ ದೊಡ್ಡಮ್ಮ ಅಂತ ಕರೆಯುತ್ತೇವೆ. ಮಗಳನ್ನು ಬಿಡಲು ಬಂದವರು ಕುರ್ಚಿ ಎಳೆದು ಕೂತರು, ಆಮೇಲೆ ಮಗಳು ಬರದ ದಿನವೂ ಬಂದರು. ಚಿಕ್ಕಂದಿನಿಂದ ಚೌಕಾಬಾರ ಆಡಿದವರು. ಯಾವ ಕಾಯಿ ಕಟ್ಟೆಯಲ್ಲಿ ಇಡಬೇಕು, ಯಾವುದನ್ನು ಬಿಟ್ಟುಕೊಡಬೇಕು, ಯಾರನ್ನು ಹೊಡೆದು ಒಳಮನೆಗೆ ನುಗ್ಗಬೇಕು ಅನ್ನುವುದೆಲ್ಲ ಅವರಿಗೆ ಕರಗತ. ನಮ್ಮ ಗುಂಪಿನ ಯುದ್ಧತಂತ್ರ ಪೂರ್ತಿ ಅವರದ್ದೇ. ಇಪ್ಪತ್ತು ಮುಖದ ದಾಳವನ್ನೂ ಕವಡೆಯ ಹಾಗೆ ಎರಡು ಕೈಯಲ್ಲಿ ಕುಲುಕಿಯೇ ಬಿಡುತ್ತಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ ಕ್ರೀಡಾ ಕೌಶಲ್ಯ ಪ್ರದರ್ಶನಕ್ಕೆ ನಮ್ಮನ್ನು ಕರೆದುಕೊಂಡು ಹೋಗಿ ಹಳೆಯ ಮಣೆ, ಪಗಡೆ ಹಾಸುಗಳನ್ನು ತೋರಿಸಿದವರೂ ಅವರೇ.

ದೊಡ್ಡಮ್ಮನ ಪಾತ್ರ ಒಬ್ಬ ಕುಳ್ಳಿ ಕಾದಾಟಗಾರ್ತಿ. ಬಲ ಇಪ್ಪತ್ತು, ಅಂದರೆ ಈಗಿನ ನಿಯಮದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಎಷ್ಟಿರಬಹುದೋ ಅಷ್ಟು. ಇದನ್ನು ಒತ್ತಿ ಹೇಳಲು ಕಾರಣ ಇದೆ. 1978ರಲ್ಲಿ ಬಂದ ಈ ಆಟದ ನಿಯಮ ಪುಸ್ತಕದಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಮಿತಿ ಹಾಕಿದ್ದರು. ಬಲದಲ್ಲಿ ಹದಿನೆಂಟು ಮುಟ್ಟಿದ ಕಾದಾಟಗಾರರು ಮೇಲೆ ಇನ್ನೊಂದು ದಾಳ ಹಾಕಿ ಶೇಕಡಾವಾರು ಬಲ ಸೇರಿಸಿಕೊಳ್ಳಬಹುದಿತ್ತು. ಮನುಷ್ಯ ಗಂಡಸಿಗೆ ನೂರರವರೆಗೆ, ಹೆಂಗಸಿಗೆ ಐವತ್ತಕ್ಕೇ ನಿಲ್ಲಬೇಕು. ಮಾಟಗಾರರು, ಡ್ರ್ಯಾಗನ್ನುಗಳು ಇರುವ ಕಥೆಯಲ್ಲೂ ಹೆಂಗಸಿಗೆ ಐವತ್ತೇ! 1989ರ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟು ವರ್ಷ ಆ ನಿಯಮದ ಜೊತೆ ಜಗಳವಾಡಿದ, ತಮ್ಮ ಮನೆಯ ಮೇಜಿನಲ್ಲಿ ಅದನ್ನು ಬಿಟ್ಟು ಆಡಿದ ಎಲ್ಲ ಹೆಂಗಸರ ಋಣವೂ ನಮ್ಮ ಮೇಲಿದೆ. ಲಾಸ್ ಏಂಜಲೀಸ್‌ನ ಲೀ ಗೋಲ್ಡ್ ಇದ್ದಾರೆ. 1975ರಲ್ಲೇ, ಆಟ ಹುಟ್ಟಿದ ಮರುವರ್ಷವೇ, ಆಟಗಾರರು ಬರೆದು ಕಳಿಸಿದ ಹಾಳೆಗಳನ್ನು ಒಟ್ಟುಮಾಡಿ ಪತ್ರಿಕೆಯಾಗಿ ಹಂಚಲು ಶುರು ಮಾಡಿದರು. ಅದನ್ನು ದಶಕಗಟ್ಟಲೆ ನಡೆಸಿದರು. ಹೆಂಗಸರು ಈ ಹವ್ಯಾಸಕ್ಕೆ ಈಚೆಗೆ ಬಂದ ನೆಂಟರು ಅಂತ ಯಾರಾದರೂ ಅಂದರೆ ನಾನು ಲೀ ಗೋಲ್ಡ್ ಅವರ ಹೆಸರು ಹೇಳುತ್ತೇನೆ.

ನಮ್ಮ ಲೆಕ್ಕಪತ್ರದ ಕೆಲಸದ ಗೆಳತಿ ಬಂದದ್ದು ಹಕ್ಕಿಗಳ ದಾರಿಯಿಂದ. ಲಾಲ್‌ಬಾಗಿನಲ್ಲಿ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಓಡಾಡುವವಳು. ಎಲಿಜಬೆತ್ ಹಾರ್‌ಗ್ರೇವ್ ರೂಪಿಸಿದ ವಿಂಗ್‌ಸ್ಪ್ಯಾನ್ ಆಟದ ಕಾರ್ಡುಗಳಲ್ಲಿ ನಿಜವಾದ ಹಕ್ಕಿ, ಅದರ ಗೂಡು, ಮೊಟ್ಟೆ, ರೆಕ್ಕೆಯ ಅಗಲ ಎಲ್ಲ ಇರುವುದು ನೋಡಿ ಮೊದಲ ಸಲ ಬೋರ್ಡ್ ಗೇಮ್ ಮುಂದೆ ಕೂತಳು. 2019ರಲ್ಲಿ ಬಂದ ಆ ಆಟಕ್ಕೆ ಅದೇ ವರ್ಷ ಜರ್ಮನಿಯ ಕೆನರ್‌ಶ್ಪೀಲ್ ಪ್ರಶಸ್ತಿಯೂ ಸಿಕ್ಕಿತು. ಅವಳನ್ನು ನಮಗೆ ಕೊಟ್ಟದ್ದಕ್ಕೆ ಹಾರ್‌ಗ್ರೇವ್ ಅವರಿಗೂ ಧನ್ಯವಾದ.

ಟೀಚರ್‌ಗೆ, ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆದಿಡುವ ಹಾಳೆ, ಪೂರ್ತಿ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿಕೊಟ್ಟದ್ದಕ್ಕೆ ಥ್ಯಾಂಕ್ಸ್. ನರ್ಸ್ ಗೆಳತಿಯ ವಾರ್ಡಿನ ಸಹೋದ್ಯೋಗಿಗಳಿಗೆ, ಭಾನುವಾರದ ಡ್ಯೂಟಿ ಅದಲುಬದಲು ಮಾಡಿಕೊಂಡದ್ದಕ್ಕೆ. ನನ್ನ ಅತ್ತೆಗೆ, "ಹೋಗಿ ಬಾ, ಸಂಜೆ ತಿಂಡಿ ನಾನು ನೋಡ್ಕೊಳ್ತೀನಿ" ಅಂತ ಪ್ರತಿ ಭಾನುವಾರ ಹೇಳಿದ್ದಕ್ಕೆ. ಅವರಿಗೂ ಮಂಡಿ ನೋವು, ಅವರಿಗೂ ಭಾನುವಾರ ಬೇಕು. ಗಂಡಂದಿರು ತಮ್ಮ ಮಕ್ಕಳನ್ನು ತಾವು ನೋಡಿಕೊಂಡರು. ಅದಕ್ಕೆ ಬೇರೆಯಾಗಿ ಥ್ಯಾಂಕ್ಸ್ ಹೇಳುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ, ಅವರೂ ಅದನ್ನು ಕೇಳಿಲ್ಲ.

ಕೊನೆಗೆ ನಮ್ಮ ಪಿಜಿ ಹುಡುಗಿ. ಎಂಜಿನಿಯರಿಂಗ್ ಓದುತ್ತಿದ್ದಾಳೆ. ಬಂದ ಹೊಸದರಲ್ಲಿ ತನ್ನ ಸರದಿಯಲ್ಲಿ ಎಲ್ಲರ ಮುಖ ನೋಡಿ, "ಹೀಗೆ ಮಾಡ್ಲಾ?" ಅಂತ ಕೇಳುತ್ತಿದ್ದಳು. ಯಾರೂ ಅವಳ ಪರವಾಗಿ ಉತ್ತರ ಕೊಡಬಾರದು ಅಂತ ನಾವು ಮಾತಾಡಿಕೊಂಡಿದ್ದೆವು. ಕಾಯುತ್ತಿದ್ದೆವು, ಅಷ್ಟೇ. ಹೋದ ತಿಂಗಳು ಅವಳೇ ಕೇಳಿದಳು: "ಅಕ್ಕ, ಮುಂದಿನ ಕಥೆ ನಾನು ನಡೆಸ್ಲಾ?" ನಡೆಸುತ್ತಿದ್ದಾಳೆ. ಮುಂದಿನ ಭಾನುವಾರದಿಂದ ಅವಳು ಡಂಜನ್ ಮಾಸ್ಟರ್, ನಾನು ಆಟಗಾರ್ತಿ. ಶುಕ್ರವಾರದೊಳಗೆ ಎಲ್ಲರೂ ತಮ್ಮ ಪಾತ್ರ ಬರೆದು ಕಳಿಸಬೇಕು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದಾಳೆ. ಎರಡು ಕುರ್ಚಿ ಖಾಲಿ ಇವೆ. ಆಡಿ ಗೊತ್ತಿರಬೇಕು ಅಂತೇನಿಲ್ಲ, ದಾಳ ನಮ್ಮ ಹತ್ತಿರವೇ ಇದೆ, ಮಕ್ಕಳನ್ನು ಕರೆದುಕೊಂಡು ಬರಬಹುದು. ಮಧ್ಯಾಹ್ನ ಮೂರಕ್ಕೆ ಶುರು, ಏಳಕ್ಕೆ ಮುಗಿಸುತ್ತೇವೆ.