ಮೊದಲ ಬ್ಯಾಕ್‌ಪ್ಲೇಟ್, ವಿಂಗ್ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ಕೂಬಾ ಡೈವಿಂಗ್‌ಗೆ ನೇತ್ರಾಣಿ ದ್ವೀಪಕ್ಕೆ ಹೊರಡುವ ಮುಂಚೆ ಸ್ವಂತ ಸೆಟ್ ತಗೋಬೇಕು ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ಬ್ಯಾಕ್‌ಪ್ಲೇಟ್ ಅಂದರೆ ಸಿಲಿಂಡರ್ ಹೊರೋಕೆ ಬೆನ್ನಿಗೆ ಕಟ್ಟುವ ಲೋಹದ ತಟ್ಟೆ; ವಿಂಗ್ ಅಂದರೆ ತೇಲೋಕೆ ಅಂತ ಅದರ ಹಿಂದೆ ಕೂರಿಸುವ ಗಾಳಿಚೀಲ.

ದಯವಿಟ್ಟು ದೊಡ್ಡ ವಿಂಗ್ ಆಸೆಗೆ ಬೀಳಬೇಡಿ. ಒಂದೇ ಸಿಲಿಂಡರ್, 3 ಮಿ.ಮೀ. ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು), ಬೆಚ್ಚಗಿನ ನೀರು. ಇಷ್ಟಕ್ಕೆ 11ರಿಂದ 14 ಕೆ.ಜಿ. ಎತ್ತುವ ವಿಂಗ್ ಧಾರಾಳ. ಜೋಡಿ ಸಿಲಿಂಡರಿನ ವಿಂಗ್ ಕಟ್ಟಿದರೆ ಅದು ಸಿಲಿಂಡರಿಗೇ ಮಸಾಲೆ ದೋಸೆ ಥರ ಮಡಚಿಕೊಳ್ಳುತ್ತೆ, ಗಾಳಿ ಮಡಿಕೆಯಲ್ಲಿ ಸಿಕ್ಕಿಕೊಂಡು ಬೇಕೆಂದಾಗ ಹೊರಗೆ ಬರೋದಿಲ್ಲ.

ಪ್ಲೇಟ್‌ನಲ್ಲಿ ನನ್ನ ಓಟು ಸ್ಟೀಲ್‌ಗೆ. ತೂಕ ಸುಮಾರು 2.5 ಕೆ.ಜಿ., ಅಲ್ಯೂಮಿನಿಯಂದು 1ರ ಆಸುಪಾಸು. ಬಾಡಿಗೆಗೆ ಸಿಗೋ ಅಲ್ಯೂಮಿನಿಯಂ ಸಿಲಿಂಡರ್ ಡೈವ್ ಮುಗಿಯೋ ಹೊತ್ತಿಗೆ ತೇಲೋಕೆ ಶುರುಮಾಡುತ್ತೆ; ಸ್ಟೀಲ್ ಪ್ಲೇಟಿದ್ದರೆ ಮುಳುಗೋಕೆ ಸೊಂಟಕ್ಕೆ ಕಟ್ಟುವ ಸೀಸ ಅಷ್ಟು ಕಮ್ಮಿ. ಪದೇ ಪದೇ ವಿಮಾನ ಹತ್ತುವವರು, ವೆಟ್‌ಸೂಟೇ ಹಾಕದವರು ಮಾತ್ರ ಅಲ್ಯೂಮಿನಿಯಂ ನೋಡಿ.

ಪ್ಲೇಟನ್ನು ಮೈಗೆ ಕಟ್ಟುವ ಹಾರ್ನೆಸ್‌ಗೆ 5 ಸೆಂ.ಮೀ. ಅಗಲದ ಒಂದೇ ಉದ್ದನೆ ಪಟ್ಟಿ ಸಾಕು. ವೆಟ್‌ಸೂಟ್ ಹಾಕಿಕೊಂಡೇ ಅಳತೆ ಮಾಡಿ: ಭುಜದ ಪಟ್ಟಿಯ ಕೆಳಗೆ ಮುಷ್ಟಿ ಸಲೀಸಾಗಿ ತೂರಬೇಕು. ಬಿಗಿಯಾದರೆ ನೀರಿನಿಂದ ಮೇಲೆ ಬಂದಾಗ ತೋಳು ಬಿಡಿಸೋಕೇ ಆಗಲ್ಲ. ಕಾಲಸಂದಿಯ ಪಟ್ಟಿ ಬಿಡಬೇಡಿ.

ಹಣ ಕೊಡುವ ಮೊದಲು ವಿಂಗ್ ಊದಿಸಿ, ಗಾಳಿ ಸೋರುತ್ತಾ ಅಂತ ರಾತ್ರಿಯಿಡೀ ಇಟ್ಟು ನೋಡಿ. ಭಾನುವಾರ ಪೂಲಿಗೆ ನನ್ನ ಸೆಟ್ ತರ್ತೀನಿ, ಹಾಕಿ ನೋಡೋರು ಹೆಸರು ಬರೆಸಿ.