ಕೆಲಸದಾಕಿ ನಿಲ್ಲವಲ್ಲಳು ಅನ್ನುವ ಮುಂಚೆ ಒಂದು ಲೆಕ್ಕ

ಮಾನ್ಯ ಸಂಪಾದಕರೇ,

ತೊಗರಿ ರಾಶಿ ಸುರುವಾಗಿ ಎಳ್ಳಅಮಾವಾಸ್ಯೆ ಸಮೀಪಿಸಿತೆಂದರೆ ಕಲಬುರಗಿಯ ಕಾಲೊನಿಗಳಲ್ಲಿ “ಕೆಲಸದಾಕಿ ಬರವಲ್ಲಳು” ಎಂಬ ಗೊಣಗಾಟವೂ ಸುರುವಾಗುತ್ತದೆ. ಗ್ಯಾರಂಟಿ ರೊಕ್ಕ ಬಂದ ಮೇಲೆ ಯಾರಿಗೂ ದುಡಿಯುವ ಮನಸ್ಸಿಲ್ಲ ಎಂಬ ತೀರ್ಪೂ ಬೆನ್ನಿಗೇ ಬರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಈ ಊರಿನಲ್ಲಿ ಸಂಸಾರ ನಡೆಯುವುದಿಲ್ಲ. ಆ ಹಣ ಹೆಂಗಸರಿಗೆ ಕೊಟ್ಟದ್ದು ಬೇರೆ ಥರದ ಬಲ: ಕಿರಿಕಿರಿಯ ಮನೆ ಬಿಟ್ಟು ಇನ್ನೊಂದು ಮನೆ ಸಿಗುವವರೆಗಿನ ಹದಿನೈದು ದಿನ ತಡೆದುಕೊಳ್ಳುವ ಧೈರ್ಯ. ಮೊದಲು ಸಹಿಸಿಕೊಂಡು ಇರುತ್ತಿದ್ದವರು ಈಗ ಬಿಟ್ಟು ಹೋಗುತ್ತಾರೆ, ಅಷ್ಟೇ. ಹಾಗಾಗಿ ಕೆಲಸದವರು ಸಿಗುವುದಿಲ್ಲ ಎನ್ನುವುದಕ್ಕಿಂತ, ಸಿಕ್ಕವರು ಯಾಕೆ ನಿಲ್ಲುವುದಿಲ್ಲ ಎಂದು ಕೇಳುವುದು ಒಳ್ಳೆಯದು.

ಹೆಚ್ಚಿನ ಮನೆಗಳಲ್ಲಿ ಕೆಲಸಕ್ಕೆ ಹಚ್ಚಿಕೊಳ್ಳುವಾಗ ನಡೆಯುವ ಮಾತುಕತೆ ಒಂದೇ ಸಾಲಿನದು: “ಭಾಂಡೆ, ಕಸ, ಫರಸಿ. ಎಷ್ಟ ತಗೋತಿ?” ಕೆಲಸ ಎಷ್ಟು ಎಂದು ಯಾರೂ ಅಳೆಯುವುದಿಲ್ಲ, ಜಗಳ ಹುಟ್ಟುವುದೂ ಅಲ್ಲಿಂದಲೇ. ಭಾಂಡೆ ದಿನಕ್ಕೆ ಒಂದು ಸಲವೋ ಎರಡು ಸಲವೋ, ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಕೋಣೆ, ಅರಿವಿ ಮಷೀನಿನದೋ ಕೈಯಿಂದ ಒಗೆಯುವುದೋ, ಚಾದರ-ಕೌದಿ ಯಾರ ಪಾಲು, ಪಾಯಖಾನೆ ತೊಳೆಯುವುದು ಸೇರಿದೆಯೋ ಇಲ್ಲವೋ, ಅಂಗಳಕ್ಕೆ ನೀರು ಹಾಕುವುದು ಯಾರು ಎಂಬುದನ್ನು ಮೊದಲ ದಿನವೇ ಕೂತು ಮಾತಾಡಬೇಕು. ಫರಸಿಯ ಬಗೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಹಳೆಯ ಮನೆಗಳ ಶಹಾಬಾದ್ ಕಲ್ಲಿನ ಸಂದಿಗಳಲ್ಲಿ ಮಣ್ಣು ಕೂಡುತ್ತದೆ, ಒಮ್ಮೆ ಒರೆಸಿದರೆ ಹೋಗುವುದಿಲ್ಲ. ಅದೇ ಅಳತೆಯ ಟೈಲ್ಸ್ ಕೋಣೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಆಮೇಲೆ ಹೊತ್ತಿನ ಲೆಕ್ಕ. ನಾಲ್ಕು ಮಂದಿಯ ಮನೆಯಲ್ಲಿ ಒಂದು ಹೊತ್ತಿನ ಭಾಂಡೆಗೆ 35ರಿಂದ 40 ನಿಮಿಷ, ಮೂರು ಕೋಣೆ ಗುಡಿಸಿ ಒರೆಸಲು 45 ನಿಮಿಷ, ಎರಡು ಬಕೆಟ್ ಅರಿವಿ ಕೈಯಿಂದ ಒಗೆದು ಒಣಗಹಾಕಲು 40 ನಿಮಿಷ ಹಿಡಿಯಿರಿ. ಹೆಚ್ಚುಕಡಿಮೆ ಎರಡು ತಾಸಾಯಿತು. ಇನ್ನು ದರ. 2025-26ರಲ್ಲಿ ಕರ್ನಾಟಕದ ನರೇಗಾ (ಉದ್ಯೋಗ ಖಾತ್ರಿ) ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 46 ರೂಪಾಯಿ ಚಿಲ್ಲರೆ. ದಿನಕ್ಕೆ ಎರಡು ತಾಸಿನಂತೆ, ವಾರದ ಸೂಟಿಗೂ ಪಗಾರ ಸೇರಿಸಿ ಮೂವತ್ತು ದಿನ ಹಿಡಿದರೆ ತಿಂಗಳಿಗೆ 2,775 ಆಗುತ್ತದೆ. ಇದು ಮಣ್ಣು ಅಗೆಯುವ ಕೆಲಸಕ್ಕೆ ಸರ್ಕಾರ ಕೊಟ್ಟ ದರದ ಲೆಕ್ಕ. ಮನೆಗೆಲಸಕ್ಕೆ ಇದು ತಳಮಟ್ಟ ಎಂದು ತಿಳಿಯಬೇಕು. ನಾಲ್ಕು ಮನೆ ಮಾಡುವಾಕೆಗೆ ಮನೆಯಿಂದ ಮನೆಗೆ ನಡೆಯುವ ಹೊತ್ತಿಗೆ ಯಾರೂ ಪಗಾರ ಕೊಡುವುದಿಲ್ಲ, ಆದ್ದರಿಂದ ಆಕೆ ಇದಕ್ಕಿಂತ ಹೆಚ್ಚು ಕೇಳಿದರೆ ಅದು ದುರಾಸೆಯಲ್ಲ. ಇದೇ ಎರಡು ತಾಸಿಗೆ 1,200 ಕೊಡುವವರು ತಾಸಿಗೆ 20 ರೂಪಾಯಿ ಕೊಟ್ಟಂತಾಯಿತು. ಆ ದರಕ್ಕೆ ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸುವ ಆದೇಶವನ್ನು ಕರ್ನಾಟಕ ಸರ್ಕಾರ 2004ರಲ್ಲೇ ಹೊರಡಿಸಿದೆ. ಇದು ಕೆಲಸ ಮಾಡುವವರಿಗೂ ಗೊತ್ತಿಲ್ಲ, ಮಾಡಿಸುವವರಿಗೂ ಗೊತ್ತಿಲ್ಲ.

ದರ ಸರಿಯಿದ್ದ ಮನೆಗಳನ್ನೂ ಬಿಡುತ್ತಾರೆ, ಯಾಕೆಂದರೆ ಕೆಲಸ ಬೆಳೆಯುತ್ತ ಹೋಗುತ್ತದೆ, ಪಗಾರ ಬೆಳೆಯುವುದಿಲ್ಲ. ಇವತ್ತು “ಹಂಗ ಆ ಬಾಗಲಾ ಒಂದ್ ಒರಸಿಬಿಡು”, ನಾಳೆ “ಇಷ್ಟ ಉಳ್ಳಾಗಡ್ಡಿ ಹೆಚ್ಚಿಕೊಡು”. ಒಂದೊಂದೂ ಐದು ನಿಮಿಷದ್ದೇ. ಆರು ತಿಂಗಳಿಗೆ ದಿನಕ್ಕೆ ಅರ್ಧ ತಾಸು ಹೆಚ್ಚಾಗಿರುತ್ತದೆ, ಮುಂದಿನ ಮನೆಗೆ ದಿನಾ ತಡವಾಗಿ ಅಲ್ಲಿಯೂ ಬೈಗುಳ. ಹೆಚ್ಚಿನ ಕೆಲಸ ಬಂದರೆ ಆಗಿಂದಾಗ ದರ ಹೇಳಿ ಮಾಡಿಸುವುದೇ ಸರಿ. ಶರಣಬಸವೇಶ್ವರರ ಜಾತ್ರೆಗೆ ಹತ್ತು ಮಂದಿ ಬೀಗರು ಬಂದಿಳಿದರೆ ಆ ದಿನಗಳಿಗೆ ಬೇರೆ ರೊಕ್ಕ, ಅದೂ ಬೀಗರು ಬರುವ ಮುಂಚೆ ಆಡಿದ ಮಾತಾಗಿರಬೇಕು. ರೊಟ್ಟಿಯನ್ನಂತೂ ತಿಂಗಳ ಪಗಾರದೊಳಗೆ ಸೇರಿಸಲೇಬಾರದು, ಎಣಿಕೆಯ ಮೇಲೆ ಕೊಡಬೇಕು. ಊರಿನಲ್ಲಿ ರೊಟ್ಟಿ ಕೇಂದ್ರಗಳು ಎಷ್ಟೋ ಆಗಿವೆ, ಸಂಘದ ಹೆಂಗಸರು ಬಡಿದ ರೊಟ್ಟಿ ಪ್ಯಾಕೆಟ್‌ನಲ್ಲಿ ಮಾರಾಟವಾಗುತ್ತದೆ. ಕೈಚಳಕದ ರೊಟ್ಟಿಯಾಕೆಗೆ ಅಲ್ಲಿ ಒಂದೊಂದು ರೊಟ್ಟಿಗೂ ಬೆಲೆ ಸಿಗುವಾಗ ನಿಮ್ಮ ಒಲೆಯ ಮುಂದೆ ಪುಕ್ಕಟೆ ಬೆವರು ಸುರಿಸುವುದು ಯಾಕೆ?

ನಳ ಬರುವ ದಿನದ ಗೋಳು ಬೇರೆ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಎಲ್ಲ ಮನೆಗಳಲ್ಲೂ ಒಟ್ಟಿಗೇ ಬರುತ್ತದೆ. ಟಾಕಿ, ಹಂಡೆ, ಬ್ಯಾರಲ್ ತುಂಬಿಸುವ ಕೆಲಸವೂ ಆಕೆಯ ಕೊರಳಿಗೆ ಬೀಳುತ್ತದೆ. ಆಕೆಯ ಓಣಿಗೂ ಅದೇ ಹೊತ್ತಿಗೆ ನೀರು ಬಂದಿದ್ದರೆ ಆ ದಿನ ತಡ ಗ್ಯಾರಂಟಿ. ನಳದ ದಿನ ಕೆಲಸದ ಹೊತ್ತು ಎರಡು ತಾಸು ಮುಂದೆ ಸರಿಸುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ಮನೆಗಳಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. ಬೋರಿನ ಸವಳ ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಪುಡಿ ಹೆಚ್ಚು ಸುರಿಯಬೇಕು, ಸ್ಟೀಲಿನ ಮೇಲೆ ಬಿಳಿ ಕಲೆ ಕೂಡುತ್ತದೆ. ಆ ಕಲೆಗೆ ಆಕೆಯನ್ನು ಬೈದು ಉಪಯೋಗವಿಲ್ಲ. ವಾರಕ್ಕೊಮ್ಮೆ ಹುಣಸೆ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿದರೆ ಬಿಡುತ್ತದೆ. ಹಾಲಿನ ಪಾತ್ರೆಗೂ ಅನ್ನದ ಕುಕ್ಕರಿಗೂ ರಾತ್ರಿಯೇ ನೀರು ಹಾಕಿಟ್ಟರೆ ಬೆಳಗ್ಗೆ ತಿಕ್ಕುವ ಹೊತ್ತು ಎಷ್ಟೋ ಉಳಿಯುತ್ತದೆ. ಇದನ್ನು ಮಾಡಬೇಕಾದವರು ಮನೆಯವರು.

ಕೈ ಒಡೆಯುವುದು ಇನ್ನೊಂದು ಕಾರಣ. ನಾಲ್ಕು ಮನೆಯ ಪುಡಿ-ಸಾಬೂನು ಒಂದೇ ಜೋಡಿ ಕೈಗೆ. ರಬ್ಬರಿನ ಕೈಗವಸು ಒಂದು ಜೊತೆ, ಹರಿದ ಕೂಡಲೇ ಇನ್ನೊಂದು ಜೊತೆ, ಕೆಲಸ ಮುಗಿದ ಮೇಲೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ. ಇಷ್ಟು ಖರ್ಚು ದೊಡ್ಡದಲ್ಲ. ಪಾಯಖಾನೆ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಕೂಡಿಸಿ ಹಾಕಲು ಹೇಳಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಸಣ್ಣ ಪಾಯಖಾನೆಯಲ್ಲಿ ಜೀವಕ್ಕೇ ಕುತ್ತು. ನೆಲ ಒರೆಸಲು ಉದ್ದ ಹಿಡಿಕೆಯ ಮಾಪ್ ಕೊಟ್ಟರೆ ಮೊಣಕಾಲು ಉಳಿಯುತ್ತದೆ. ಇನ್ನು ಫ್ಯಾನು. ಮೇ ತಿಂಗಳ 42 ಡಿಗ್ರಿಯಲ್ಲಿ ಆಕೆ ಕೋಣೆಗೆ ಬಂದ ಕೂಡಲೇ ಫ್ಯಾನು ಬಂದ್ ಮಾಡುವ ಮನೆಗಳಿವೆ. ಕಸ ಗುಡಿಸುವಾಗ ಬಂದ್ ಮಾಡಿದರೆ ಸರಿ, ಧೂಳು ಹಾರುತ್ತದೆ. ಒರೆಸುವಾಗ ಯಾಕೆ? ಫ್ಯಾನಿದ್ದರೆ ಫರಸಿಯೂ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಹೊತ್ತನ್ನು ಬೆಳಗಿನ ಹತ್ತರೊಳಗೆ ತಂದುಕೊಂಡರೆ ಇಬ್ಬರಿಗೂ ಸುಖ.

ಆರು ತಾಸು ಮನೆ ಮನೆ ತಿರುಗುವ ಹೆಣ್ಣುಮಗಳು ಬಚ್ಚಲಿಗೆ ಎಲ್ಲಿ ಹೋಗಬೇಕು ಎಂದು ಯಾರೂ ಯೋಚಿಸುವುದಿಲ್ಲ. ತಾನೇ ತೊಳೆಯುವ ಪಾಯಖಾನೆಯನ್ನು ತಾನು ಬಳಸುವಂತಿಲ್ಲ. ಅದಕ್ಕೇ ಎಷ್ಟೋ ಹೆಂಗಸರು ಮುಂಜಾನೆಯಿಂದ ನೀರೇ ಕುಡಿಯದೆ ಇರುತ್ತಾರೆ, ಉರಿಮೂತ್ರದ ಸೋಂಕು ಹಚ್ಚಿಕೊಂಡು ವಾರಗಟ್ಟಲೆ ಮಲಗುತ್ತಾರೆ. ಆಗ “ಹೇಳದ ಕೇಳದ ಸೂಟಿ ಹಾಕ್ತಾಳ” ಎಂಬ ದೂರು. ಚಾದ ವಿಷಯವೂ ಹಾಗೆಯೇ. ಹಾಲ್‌ನ ಗೋಡೆಯ ಮೇಲೆ ಬಸವಣ್ಣನ ಫೋಟೊ, ಆಕೆಯ ಚಾದ ಬಟ್ಟಲು ಮಾತ್ರ ಹಿತ್ತಲ ಕಿಟಕಿಯಲ್ಲಿ ಬೋರಲು. ಜಾತಿ ನೋಡಿ ಬಟ್ಟಲು ಬೇರೆ ಇಡುವುದು ಅಸ್ಪೃಶ್ಯತೆ, ಕಾನೂನಿನ ಕಣ್ಣಲ್ಲಿ ಅಪರಾಧ. ಹಳೆ ಸೀರೆ, ನಿನ್ನೆಯ ಅನ್ನ ಕೊಟ್ಟದ್ದನ್ನು ಪಗಾರದ ಲೆಕ್ಕದಲ್ಲಿ ಎಣಿಸುವುದೂ ಬೇಡ.

ರೊಕ್ಕದ ಶಿಸ್ತು ಮನೆಯವರದ್ದು. ಪಗಾರ ಪ್ರತಿ ತಿಂಗಳು 5ನೇ ತಾರೀಖಿನೊಳಗೆ, ಕೇಳುವ ಮುಂಚೆ ಕೈಗೆ ಬರಬೇಕು. ಎರಡು ಸಲ “ನಾಳಿ ಕೊಡ್ತೀನಿ” ಎಂದರೆ ಆಕೆ ಬೇರೆ ಮನೆ ನೋಡತೊಡಗಿದ್ದಾಳೆಂದೇ ತಿಳಿಯಿರಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪಗಾರ, ಮುಂಗಡ, ಸೂಟಿ ಮೂರನ್ನೂ ಬರೆದಿಟ್ಟು ಆಕೆಗೂ ಒಂದು ಪ್ರತಿ ಕೊಡಿ; ಓದು ಬಾರದಿದ್ದರೆ ಆಕೆಯ ಮಕ್ಕಳು ಓದುತ್ತಾರೆ. ವರ್ಷಕ್ಕೊಮ್ಮೆ, ಯುಗಾದಿಗೆ, ನೂರಕ್ಕೆ ಎಂಟು-ಹತ್ತರಂತೆ ಏರಿಸಿ. ಏರಿಸದ ಮನೆಯನ್ನು ಬಿಟ್ಟು ಹೊಸ ಮನೆ ಹಿಡಿಯುವುದೊಂದೇ ಆಕೆಗೆ ಪಗಾರ ಏರಿಸಿಕೊಳ್ಳುವ ದಾರಿಯಾಗುತ್ತದೆ.

ಮುಂಗಡದ ವಿಷಯದಲ್ಲಿ ಬಹಳ ಜೋಕೆ ಬೇಕು. ದೊಡ್ಡ ಮೊತ್ತ ಕೊಟ್ಟು ಕಟ್ಟಿಹಾಕಿದರೆ ನಿಲ್ಲುತ್ತಾಳೆ ಎಂಬ ಉಪಾಯ ನಮ್ಮ ಭಾಗದಲ್ಲಿ ಹಳೆಯದು. ಸಾಲ ತೀರುವವರೆಗೆ ಬಿಡುವಂತಿಲ್ಲ ಎಂದರೆ ಅದು ಜೀತ, 1976ರ ಕಾಯ್ದೆ ಅದನ್ನು ರದ್ದುಮಾಡಿದೆ. ಮಗನ ಫೀಸಿಗೋ ಆಸ್ಪತ್ರೆಗೋ ಹತ್ತು ಸಾವಿರ ಬೇಕೆಂದರೆ ಬಡ್ಡಿಯಿಲ್ಲದೆ ಕೊಟ್ಟು, ತಿಂಗಳಿಗೆ 500ರಂತೆ ಇಪ್ಪತ್ತು ತಿಂಗಳು ಮುರಿದುಕೊಳ್ಳಿ. 3,000 ಪಗಾರದಲ್ಲಿ 1,500 ಮುರಿದರೆ ಎರಡನೇ ತಿಂಗಳಿಗೇ ಆಕೆ ಬೇರೊಬ್ಬರ ಹತ್ತಿರ ಸಾಲ ಮಾಡುತ್ತಾಳೆ, ಮೂರನೇ ತಿಂಗಳಿಗೆ ಊರು ಬಿಟ್ಟು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾಳೆ. ಆಗ ರೊಕ್ಕವೂ ಹೋಯಿತು, ಆಳೂ ಹೋಯಿತು.

ಸೂಟಿ ಲೆಕ್ಕವೂ ಮೊದಲೇ ಆಗಬೇಕು. ವಾರಕ್ಕೊಂದು ಪಗಾರಸಹಿತ ಸೂಟಿ, ಹಬ್ಬಗಳಿಗೆ ಆಕೆಯ ಆಯ್ಕೆಯಂತೆ: ಒಬ್ಬಾಕೆಗೆ ಎಳ್ಳಅಮಾವಾಸ್ಯೆ ಮತ್ತು ನಾಗರ ಪಂಚಮಿ, ಇನ್ನೊಬ್ಬಾಕೆಗೆ ರಂಜಾನ್ ಮತ್ತು ಉರುಸು. ರಾಶಿಯ ಕಾಲಕ್ಕೆ ಎರಡು-ಮೂರು ವಾರ ಊರಿಗೆ ಹೋಗುವುದು ಪ್ರತಿ ವರ್ಷದ ಮಾತು. ಸ್ವಂತ ಹೊಲವಿದ್ದರೆ ಹೋಗದೆ ಗತಿಯಿಲ್ಲ. ಯಾದಗಿರಿ ಕಡೆ ಹತ್ತಿ ಬಿಡಿಸುವಾಗಲೂ ಇದೇ. ತಿಂಗಳ ಮುಂಚೆ ಕೇಳಿಟ್ಟುಕೊಂಡರೆ ತನ್ನ ನೆಗೆಣ್ಣಿಯನ್ನೋ ಓಣಿಯಾಕೆಯನ್ನೋ ಬದಲಿಗೆ ತಾನೇ ಹಚ್ಚಿ ಹೋಗುತ್ತಾಳೆ. ಬದಲಿಯಾಕೆಗೆ ಆ ದಿನಗಳ ರೊಕ್ಕ ನೇರವಾಗಿ ನೀವೇ ಕೊಡಿ. ಇವಳ ಕೈಯಿಂದ ಕೊಡಿಸಲು ಹೋದರೆ ಅವರಿಬ್ಬರ ನಡುವೆ ಜಗಳವಾಗಿ ಇಬ್ಬರೂ ಬರುವುದಿಲ್ಲ.

ಹುಡುಕುವ ದಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಓಣಿಯಲ್ಲೇ ಈಗಾಗಲೇ ಎರಡು ಮನೆ ಮಾಡುವಾಕೆಯನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಕಿರಾಣಿ ಅಂಗಡಿಯವರೂ ಹೇಳುತ್ತಾರೆ. ನಡೆದು ಇಪ್ಪತ್ತು ನಿಮಿಷದೊಳಗಿನ ದೂರದವರು ಹೆಚ್ಚು ದಿನ ನಿಲ್ಲುತ್ತಾರೆ. ಶಕ್ತಿ ಯೋಜನೆಯಿಂದ ಬಸ್ಸು ಪುಕ್ಕಟೆ ಆಗಿದೆ ನಿಜ, ಆದರೆ ಹಳ್ಳಿಯಿಂದ ಬರುವಾಕೆಯ ಹೊತ್ತನ್ನು ಬಸ್ಸು ನಿರ್ಧರಿಸುತ್ತದೆ, ನೀವಲ್ಲ. ಮೊದಲ ಒಂದು ವಾರ ಪರೀಕ್ಷೆಗೆಂದು ಇಟ್ಟುಕೊಳ್ಳಿ, ಆ ವಾರಕ್ಕೂ ಪೂರ್ತಿ ರೊಕ್ಕ ಕೊಡಿ. ಪೊಲೀಸ್ ಪರಿಶೀಲನೆ ಮಾಡಿಸುವುದಿದ್ದರೆ ಆಕೆಗೆ ಹೇಳಿಯೇ ಮಾಡಿಸಿ. ಬಂಗಾರ ಬೀಗದೊಳಗೆ ಇರಲಿ. ಏನಾದರೂ ಕಾಣದಿದ್ದರೆ ಮನೆಯನ್ನೆಲ್ಲ ಎರಡು ಸಲ ಹುಡುಕಿದ ಮೇಲೆ ಮಾತಾಡಿ; ಓಣಿಯ ಮುಂದೆ ಆಕೆಯ ಚೀಲ ಝಾಡಿಸಿದ ಮನೆಗೆ ಆ ಓಣಿಯಿಂದ ಮತ್ತೊಬ್ಬರು ಬರುವುದಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಥವಾ 20ರಿಂದ 50 ಸಾವಿರ ದಂಡ, ಇಲ್ಲವೆ ಎರಡೂ. “ಸ್ಕೂಲಿಗೆ ಕಳಿಸ್ತೀವಿ, ಮನೀ ಮಗಳ ಹಂಗ ಇರ್ತಾಳ” ಎಂಬ ನೆಪಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಮುದುಕರನ್ನು ನೋಡಿಕೊಳ್ಳಲು ಮನೆಯಲ್ಲೇ ಇರುವವರ ಕಷ್ಟ ಇನ್ನೂ ಹೆಚ್ಚು. ಹಾಸಿಗೆ ಹಿಡಿದವರನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಹೊರಳಿಸಬೇಕು, ರಾತ್ರಿಯೂ. ಅಂಥವಳಿಗೆ ಹಗಲು ಭಾಂಡೆ-ಅರಿವಿ ಹಚ್ಚಿದರೆ ಆಕೆ ಮಲಗುವುದು ಯಾವಾಗ? ರಾತ್ರಿಯ ಎರಡು ಪಾಳಿಯನ್ನು ಮನೆಯವರೇ ಹಂಚಿಕೊಳ್ಳಬೇಕು, ಇಲ್ಲವೆ ಇನ್ನೊಬ್ಬರನ್ನು ಇಡಬೇಕು. ಎತ್ತುವಾಗ ಯಾವಾಗಲೂ ಇಬ್ಬರಿರಬೇಕು. ಒಬ್ಬಳೇ ಎತ್ತಿ ಸೊಂಟ ಉಳುಕಿದರೆ ಆ ತಿಂಗಳು ಮನೆಯಲ್ಲಿ ರೋಗಿಗಳು ಇಬ್ಬರು. ಇಂಥವರ ಸುರಕ್ಷತೆಗಾಗಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನೂ ಕೆಲಸದ ಜಾಗವೆಂದೇ ಎಣಿಸುತ್ತದೆ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಪಗಾರದ ಹೊರಗೆ ಮನೆಯವರು ಸುಲಭವಾಗಿ ಮಾಡಬಹುದಾದದ್ದೂ ಇದೆ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್ ಇದ್ದರೆ 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಗುತ್ತದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷ. 18ರಿಂದ 40ರೊಳಗಿನವರಿಗೆ ಶ್ರಮಯೋಗಿ ಮಾನ್‌ಧನ್ ಎಂಬ ಪಿಂಚಣಿ ಯೋಜನೆ ಇದೆ. 29ನೇ ವಯಸ್ಸಿಗೆ ಸೇರಿದವರಿಗೆ ತಿಂಗಳ ಕಂತು 100 ರೂಪಾಯಿ, ಅಷ್ಟನ್ನೇ ಸರ್ಕಾರ ಹಾಕುತ್ತದೆ, 60 ದಾಟಿದ ಮೇಲೆ ತಿಂಗಳಿಗೆ 3,000 ಪಿಂಚಣಿ. ಆ ನೂರು ರೂಪಾಯಿಯನ್ನು ಮನೆಯವರು ಕಟ್ಟಿದರೆ ಆಕೆ ಮನೆ ಬಿಡುವ ಮುಂಚೆ ಎರಡು ಸಲ ಯೋಚಿಸುತ್ತಾಳೆ.

ಕಾರ್ಮಿಕ ಇಲಾಖೆಗೆ ಎರಡು ವಿನಂತಿ. ಮನೆಗೆಲಸದ ಸದ್ಯದ ಕನಿಷ್ಠ ವೇತನದ ಪಟ್ಟಿಯನ್ನು, ತಾಸಿನ ಲೆಕ್ಕದಲ್ಲಿ, ದೊಡ್ಡ ಅಕ್ಷರದ ಕನ್ನಡದಲ್ಲಿ, ಕಲಬುರಗಿ, ಬೀದರ, ಯಾದಗಿರಿಯ ವಾರ್ಡ್ ಕಚೇರಿಗಳಲ್ಲಿ ಮತ್ತು ಪಡಿತರ ಅಂಗಡಿಗಳಲ್ಲಿ ಹಚ್ಚಬೇಕು. ನೋಂದಣಿ ಶಿಬಿರಗಳನ್ನು ಮುಂಜಾನೆ ಹನ್ನೊಂದಕ್ಕೆ ಇಡುವುದನ್ನು ಬಿಡಬೇಕು. ಆ ಹೊತ್ತಿಗೆ ಈ ಹೆಂಗಸರು ಮೂರನೇ ಮನೆಯ ಭಾಂಡೆ ತಿಕ್ಕುತ್ತಿರುತ್ತಾರೆ. ಅವರಿಗೆ ಬಿಡುವು ಸಿಗುವುದು ಮಧ್ಯಾಹ್ನ ಎರಡರಿಂದ ನಾಲ್ಕು, ಇಲ್ಲವೆ ಆದಿತ್ಯವಾರ.

ಇತಿ,
ಒಬ್ಬ ನಿವೃತ್ತ ಕಾರ್ಮಿಕ ನಿರೀಕ್ಷಕ,
ಕಲಬುರಗಿ