ಮಳೆಗಾಲದ ಮುಂಗಡ ತಗೊಳ್ಳೋ ಮುಂಚೆ ಓದಿ

ಸಂಘದ ಅಕ್ಕಂದಿರೇ, ಮಳೆ ಹಿಡಿದಿದೆ, ತೋಟದಲ್ಲಿ ಕೆಲಸ ಕಡಿಮೆ, ಮಕ್ಕಳ ಶಾಲೆ ಖರ್ಚು ಬೇರೆ, ಇಂಥ ಹೊತ್ತಲ್ಲೇ ತೋಟದವರು ಅಡಿಕೆ ಕೊಯ್ಲಿನ ಕೂಲಿ ಲೆಕ್ಕಕ್ಕೆ ಮುಂಗಡ ಕೊಡ್ತೀವಿ ಅಂತ ಮನೆ ಬಾಗಿಲಿಗೆ ಬರುತ್ತಾರೆ. ಮುಂಗಡ ತಗೊಳ್ಳುವುದು ತಪ್ಪಲ್ಲ. ಆದರೆ ಸಾಲ ತೀರುವ ತನಕ ಬೇರೆಯವರ ತೋಟಕ್ಕೆ ಹೋಗಬಾರದು, ಕೊಟ್ಟಷ್ಟೇ ಕೂಲಿ ಅಂದರೆ ಅದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ, ಜೀತಕ್ಕಿಟ್ಟವರಿಗೆ 3 ವರ್ಷದವರೆಗೆ ಜೈಲು. ಸಾಗರ ಅಥವಾ ಶಿವಮೊಗ್ಗದ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ದೂರು ಕೊಡಬಹುದು.

ಆಸ್ಪತ್ರೆ, ಶಾಲೆ ಖರ್ಚಿಗೆ ಮೊದಲು ಸಂಘದ ಉಳಿತಾಯದಿಂದ ಸಾಲ ಕೇಳಿ. ನಮ್ಮಲ್ಲೂ ಒಂದು ತೊಂದರೆ ಇದೆ: ಕೂಲಿಯೇ ಇಲ್ಲದ ಆಷಾಢದಲ್ಲಿ ವಾರದ ಕಂತು ಕಟ್ಟು ಅಂದರೆ ಸಂಘದಲ್ಲಿ ಸಾಲ ತಗೊಂಡಾಕೆ ಕಂತಿಗೋಸ್ಕರವೇ ಮುಂಗಡಕ್ಕೆ ಕೈ ಒಡ್ಡುತ್ತಾಳೆ, ಅಲ್ವಾ? ಮಳೆಗಾಲದಲ್ಲಿ ಬಡ್ಡಿ ಮಾತ್ರ, ಅಸಲು ಕೊಯ್ಲು ಶುರುವಾದ ಮೇಲೆ. ಹೀಗೆ ಮಾಡೋಣ ಅನ್ನುವುದು ನನ್ನ ಅಭಿಪ್ರಾಯ.

ಹೊರಗಿನ ಮೈಕ್ರೋಫೈನಾನ್ಸ್‌ನಲ್ಲಿ ಸಾಲ ತಗೊಂಡವರು ಗಮನಿಸಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಅಡಮಾನ ಕೇಳುವಂತಿಲ್ಲ, ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಸುಮ್ನೆ ಹೆದರಬೇಡಿ.

ಮುಂಗಡ ಎಷ್ಟು, ದಿನಕ್ಕೆ ಎಷ್ಟು ಮುರಿದರು ಅಂತ ನೋಟ್‌ಬುಕ್‌ನಲ್ಲಿ ಬರೆಸಿ, ಅದರ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಈ ವಾರದ ಸಭೆಗೆ ಪಾಸ್‌ಬುಕ್ ತನ್ನಿ, ಕಂತಿನ ವಿಷಯ ಅಲ್ಲೇ ಮಾತಾಡೋಣ.